ಕ್ಲಚ್ ಮನೆಯಲ್ಲೇ ಬದಲಾಯಿಸುವುದಾದರೆ ಇಡೀ ಅಸೆಂಬ್ಲಿ ತರಬೇಕೆ, ಪ್ಲೇಟ್ ಸಾಕೆ?

ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಸದ್ದು ಏರುತ್ತದೆ, ಬೈಕ್ ಮಾತ್ರ ವೇಗ ಹಿಡಿಯುವುದಿಲ್ಲ, ಅಂದರೆ ಕ್ಲಚ್ ಜಾರುತ್ತಿದೆ. ಅಸೆಂಬ್ಲಿಯೇ (ಪ್ಲೇಟುಗಳೂ ಅವನ್ನು ಹಿಡಿದಿಡುವ ಭಾಗಗಳೂ ಸೇರಿದ್ದು) ತರಲೇ, ಪ್ಲೇಟ್ ಸಾಕೇ ಎಂದು ಕೇಳಿದ್ದೀರಿ. ಮೊದಲ ಸಲ ನನಗೂ ಇದೇ ಗೊಂದಲವಿತ್ತು. ಅಸೆಂಬ್ಲಿ ಬೇಡ. ಸದ್ಯಕ್ಕೆ ಪ್ಲೇಟನ್ನೂ ತರಬೇಡಿ.

ಮೊದಲು ಲಿವರ್ ನೋಡಿ. ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಫ್ರೀ ಪ್ಲೇ, ಅಂದರೆ ಕ್ಲಚ್ ಬಿಡಲು ಶುರುವಾಗುವ ಮೊದಲಿನ ಸಡಿಲ, ಇರಬೇಕು. ಪ್ಲೇಟ್ ಸವೆದಂತೆಲ್ಲ ಅವನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಒಳಕ್ಕೆ ಸರಿದು, ಲಿವರ್ ಒತ್ತಿದಾಗ ಅದನ್ನು ತಳ್ಳುವ ಪುಶ್ ರಾಡಿಗೆ ತಾಗುತ್ತ ಬರುತ್ತದೆ, ಆ ಸಡಿಲ ತಾನಾಗಿಯೇ ಕಡಿಮೆಯಾಗುತ್ತದೆ. ಪೂರ್ತಿ ಹೋಯಿತೆಂದರೆ ಸದಾ ಕ್ಲಚ್ ಸ್ವಲ್ಪ ಒತ್ತಿಕೊಂಡೇ ಓಡಿಸಿದ ಹಾಗೆ. ಕೇಬಲ್ ಅಡ್ಜಸ್ಟ್ ಮಾಡಿ ಒಮ್ಮೆ ಓಡಿಸಿ. ಆಮೇಲೆ ಆಯಿಲ್ ಡಬ್ಬದ ಮೇಲೆ ಜೇಸೋ ಎಂಎ ಅಥವಾ ಎಂಎ2 (ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್‌ಗೆ ಹೊಂದುವ ಆಯಿಲಿನ ಗುರುತು) ಎಂದಿದೆಯೇ ನೋಡಿ. ಕಾರಿಗೆಂದು ಮಾಡಿದ, ಘರ್ಷಣೆ ತಗ್ಗಿಸುವ ಆಯಿಲ್ ಹಾಕಿದ್ದರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಇವೆರಡೂ ಸರಿಯಿದ್ದು ಇನ್ನೂ ಜಾರುತ್ತಿದ್ದರೆ ಮಾತ್ರ ಕವರ್ ಬಿಚ್ಚಿ.

ಬಿಚ್ಚುವಾಗ ಆಯಿಲ್ ಇಳಿಸಿಬಿಡಿ. ಬೈಕ್ ವಾಲಿಸಿಟ್ಟು ಆಯಿಲ್ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸುಟ್ಟ ಪ್ಲೇಟಿನ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಕವರಿನ ಬೋಲ್ಟುಗಳ ಉದ್ದ ಬೇರೆಬೇರೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ತೂತಿನದನ್ನು ಅದೇ ಜಾಗಕ್ಕೆ ಚುಚ್ಚಿಡಿ. ಹಳೆ ಗ್ಯಾಸ್ಕೆಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಅಲ್ಯುಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ.

ಪ್ರೆಶರ್ ಪ್ಲೇಟ್ ಹೊರಗಡೆ ಇರುವ ಎಂಜಿನ್ ಆದರೆ ಸ್ಪ್ರಿಂಗ್ ಬೋಲ್ಟ್ ತೆಗೆದ ಕೂಡಲೇ ಪ್ಲೇಟುಗಳು ಕೈಗೆ ಬರುತ್ತವೆ, ಸೆಂಟರ್ ನಟ್ ಮುಟ್ಟುವ ಅಗತ್ಯವೇ ಇಲ್ಲ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಪ್ರೆಶರ್ ಪ್ಲೇಟ್ ಒಳಗಡೆ ಇರುತ್ತದೆ. ಅಲ್ಲಿ ಹಬ್ (ಪ್ಲೇಟುಗಳು ಕೂರುವ ನಡುವಿನ ಭಾಗ) ಹಿಡಿದಿರುವ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಉಂಗುರ ಅಥವಾ ಲಾಕ್ ನಟ್ ತೆಗೆಯಲೇಬೇಕು. ನಿಮ್ಮದು ಯಾವುದೆಂದು ಮ್ಯಾನ್ಯುಯಲ್ ಚಿತ್ರದಲ್ಲಿ ಮೊದಲೇ ನೋಡಿಕೊಳ್ಳಿ. ಪ್ಲೇಟುಗಳನ್ನು ಬಂದ ಸಾಲಿನಲ್ಲೇ ಜೋಡಿಸಿ ಫೋಟೋ ತೆಗೆಯಿರಿ. ಘರ್ಷಣೆಯ ಪದರವಿರುವ ಫ್ರಿಕ್ಷನ್ ಪ್ಲೇಟುಗಳಲ್ಲಿ (ಉಳಿದವು ಬರಿ ಸ್ಟೀಲ್ ಪ್ಲೇಟು) ಒಂದು ಮಾತ್ರ ಬೇರೆ ಅಳತೆಯದಾಗಿರಬಹುದು.

ಫ್ರಿಕ್ಷನ್ ಪ್ಲೇಟಿನ ದಪ್ಪ, ಸ್ಪ್ರಿಂಗಿನ ಉದ್ದ ವರ್ನಿಯರ್‌ನಲ್ಲಿ ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಡಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದರೆ ಸೊಟ್ಟಗಾಗಿದೆಯೋ ತಿಳಿಯುತ್ತದೆ. ಸುಟ್ಟು ನೀಲಿಯಾಗಿದ್ದರೆ ಅಳೆಯದೆ ಬದಲಾಯಿಸಿ. ಪ್ಲೇಟುಗಳನ್ನು ಸುತ್ತುವರಿದ ಬಟ್ಟಲು, ಅಂದರೆ ಬಾಸ್ಕೆಟ್ಟಿನ ಬೆರಳುಗಳ ಮೇಲೆ ಉಗುರು ಎಳೆದು ನೋಡಿ. ಪ್ಲೇಟಿನ ಅಂಚಿನ ಕಿವಿಗಳು ಬಡಿದು ಆಳವಾದ ಕಚ್ಚು ಬಿದ್ದಿದ್ದರೆ ಮಾತ್ರ ಬಾಸ್ಕೆಟ್ ಹೊಸದು ಬೇಕು. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಜಿನ್‌ಗೆ ಹಾಕುವ ಆಯಿಲ್‌ನಲ್ಲೇ ರಾತ್ರಿಯಿಡೀ ನೆನೆಸಿ. ಒಣ ಪ್ಲೇಟ್ ಮೊದಲ ಸಲ ಕ್ಲಚ್ ಬಿಟ್ಟಾಗಲೇ ಸುಡಬಹುದು.

ಇನ್ನು ಹಣ ಹಾಳುಮಾಡುವ ಒಂದು ತಪ್ಪು. ಬಹಳಷ್ಟು ಪ್ರೆಶರ್ ಪ್ಲೇಟುಗಳ ಒಳಮುಖದಲ್ಲಿ ಹಲ್ಲುಗಳಿರುತ್ತವೆ, ಅವು ಹಬ್‌ನ ಹಲ್ಲುಗಳ ಸಂದಿಗೆ ಇಳಿಯಬೇಕು. ಸ್ವಲ್ಪ ತಿರುಗಿ ಕೂತರೆ ಹಲ್ಲಿನ ಮೇಲೆ ಹಲ್ಲು ನಿಲ್ಲುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಸ್ಪ್ರಿಂಗ್ ಕೂರುತ್ತದೆ, ಬೋಲ್ಟೂ ಟೈಟ್ ಆಗುತ್ತದೆ, ಏಕೆಂದರೆ ಬೋಲ್ಟ್ ಕೊನೆಗೆ ತಾಗಿ ನಿಲ್ಲುವುದು ಹಬ್‌ನ ಕಂಬಕ್ಕೆ, ಪ್ಲೇಟುಗಳಿಗಲ್ಲ. ಟಾರ್ಕ್ ರೆಂಚ್ (ನಿಗದಿತ ಬಿಗಿ ಬಂದಾಗ ಸದ್ದು ಮಾಡುವ ಸ್ಪ್ಯಾನರ್) ಟಕ್ ಎಂದರೂ ಪ್ಲೇಟುಗಳ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಕವರ್ ಮುಚ್ಚಿ, ಆಯಿಲ್ ತುಂಬಿ, ಗೇರ್ ಹಾಕಿದರೆ ಬೈಕ್ ನಿಂತಲ್ಲೇ ನಿಲ್ಲುತ್ತದೆ. ಬೋಲ್ಟ್ ಸಡಿಲವಿರಬೇಕೆಂದು ಮತ್ತೆ ಬಿಚ್ಚಿ ಇನ್ನಷ್ಟು ಬಿಗಿಯುತ್ತಾರೆ; ಹಬ್ ಕಂಬದ ಥ್ರೆಡ್ ಕಿತ್ತುಬರುತ್ತದೆ, ಇಲ್ಲವೇ ಪ್ರೆಶರ್ ಪ್ಲೇಟ್ ಸೀಳುತ್ತದೆ. ಬೇಡವೆಂದ ಅಸೆಂಬ್ಲಿಯ ಖರ್ಚು ಆಗ ಬರುತ್ತದೆ.

ಆದ್ದರಿಂದ ಬಿಚ್ಚುವ ಮೊದಲೇ ಹಬ್ ಮತ್ತು ಪ್ರೆಶರ್ ಪ್ಲೇಟಿಗೆ ಅಡ್ಡಲಾಗಿ ಮಾರ್ಕರ್ ಗೆರೆ ಎಳೆಯಿರಿ. ಜೋಡಿಸುವಾಗ ಸ್ಪ್ರಿಂಗ್ ಹಾಕದೆ ಪ್ರೆಶರ್ ಪ್ಲೇಟನ್ನು ಅಂಗೈಯಲ್ಲಿ ಒತ್ತಿ ಅತ್ತಿತ್ತ ತಿರುಗಿಸಿ. ಸರಿಯಾಗಿ ಕೂತಿದ್ದರೆ ಹಬ್ ಬಿಟ್ಟು ಅದೊಂದೇ ತಿರುಗುವುದಿಲ್ಲ, ಕೊನೆಯ ಫ್ರಿಕ್ಷನ್ ಪ್ಲೇಟಿಗೂ ಅದಕ್ಕೂ ನಡುವೆ ಸಂದಿಯೂ ಕಾಣದು. ಆಮೇಲೆ ಸ್ಪ್ರಿಂಗ್ ಹಾಕಿ ಎದುರುಬದುರಿನ ಬೋಲ್ಟುಗಳನ್ನು ಕಾಲು ಸುತ್ತಿನಂತೆ ಬಿಗಿಯುತ್ತ ಬನ್ನಿ. ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಮುಗಿದ ಮೇಲೆ ಫ್ರಿಕ್ಷನ್ ಪ್ಲೇಟಿನ ಕಿವಿಯನ್ನು ಬೆರಳಲ್ಲಿ ಅಲುಗಿಸಿ. ಒಂದಾದರೂ ಅಲುಗಿದರೆ ಕವರ್ ಮುಚ್ಚಬೇಡಿ.

ಕವರನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡೋವೆಲ್ ಪಿನ್‌ಗಳು ಜಾಗದಲ್ಲಿವೆಯೇ ನೋಡಿ ಹೊಸ ಗ್ಯಾಸ್ಕೆಟ್ ಹಾಕಿ ಕವರ್ ಮುಚ್ಚಿ, ಆಯಿಲ್ ತುಂಬಿ. ಹೊಸ ಪ್ಲೇಟಿನ ದಪ್ಪಕ್ಕೆ ಹಳೆ ಕೇಬಲ್ ಸೆಟ್ಟಿಂಗ್ ಹೊಂದುವುದಿಲ್ಲ, ಫ್ರೀ ಪ್ಲೇ ಮತ್ತೆ ಹೊಂದಿಸಿ. ಮೊದಲ ಕೆಲವು ಓಟ ನಿಧಾನವಾಗಿರಲಿ. ಪ್ಲೇಟುಗಳು ಕೂತ ಮೇಲೆ ಎಂಜಿನ್ ತಣ್ಣಗಿರುವಾಗ ಲಿವರ್ ಇನ್ನೊಮ್ಮೆ ಅಳೆಯಿರಿ.