ಹದಿನಾರು ಕೆರೆಯ ಹೆಬ್ಬಾತುಗಳು ಎಲ್ಲಿಗೆ ಹೋದವು?

ಪ್ರಶ್ನೆ: ಜನವರಿಯಲ್ಲಿ ಹದಿನಾರು ಅನ್ನೋ ಊರಿನ ಕೆರೆಗೆ ಹೋದಾಗ ತಲೆ ಮೇಲೆ ಕಪ್ಪು ಪಟ್ಟೆಯ ಬಾತುಗಳು ನೂರಾರು ಇದ್ದವು. ಒಂದರ ಕತ್ತಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಏನೋ ಬರೆದಿತ್ತು. ಮಾರ್ಚ್ ಮೊದಲ ವಾರ ಮಕ್ಕಳನ್ನು ಕರೆದುಕೊಂಡು ಹೋದರೆ ಹತ್ತು ಹನ್ನೆರಡು ಉಳಿದಿದ್ದವು ಅಷ್ಟೇ. ಯಾರಾದರೂ ಓಡಿಸಿದರಾ? ಪಟ್ಟಿ ಇದ್ದದ್ದು ಸಾಕಿದ ಬಾತಾ?
(ನಂಜನಗೂಡಿನ ಓದುಗರು)

ಉತ್ತರ: ಓಡಿಸಿರಲಿಕ್ಕಿಲ್ಲ, ಗಾಬರಿಯಾಗಬೇಡಿ. ಅವು ತಮ್ಮ ಊರಿಗೆ ಹೊರಟಿವೆ. ನೀವು ನೋಡಿದ್ದು ಪಟ್ಟೆತಲೆ ಹೆಬ್ಬಾತು. ಚಳಿಗಾಲಕ್ಕೆ ಮಾತ್ರ ನಮ್ಮ ಕಡೆ ಬರುತ್ತವೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ. ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದೊಂದೇ ಗುಂಪು ಜಾಗ ಖಾಲಿ ಮಾಡುತ್ತದೆ. ನಿಮಗೆ ಕಂಡಿದ್ದು ಕೊನೆಯ ಗುಂಪು.

ಪಟ್ಟಿ ಇದ್ದದ್ದು ಸಾಕಿದ್ದಲ್ಲ. ಬೇಸಿಗೆಯಲ್ಲಿ ಈ ಬಾತುಗಳ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ, ಹೊಸದು ಬರುವವರೆಗೆ ಕೆಲವು ವಾರ ಹಾರಲು ಆಗುವುದಿಲ್ಲ. ಆ ಸಮಯ ನೋಡಿ ಮಂಗೋಲಿಯಾದಲ್ಲಿ ಸಂಶೋಧಕರು ಅವನ್ನು ಹಿಡಿದು, ಕತ್ತಿಗೆ ಅಕ್ಷರ, ಅಂಕಿ ಇರುವ ಪಟ್ಟಿ ಹಾಕಿ ಬಿಡುತ್ತಾರೆ. ಅಂಥ ಬಾತುಗಳು ಮೈಸೂರಿನ ಸುತ್ತಮುತ್ತ ಈ ಹಿಂದೆಯೂ ಕಂಡಿವೆ. ಮುಂದಿನ ಸಲ ಕಂಡರೆ ಆ ಅಕ್ಷರ ಸರಿಯಾಗಿ ಓದುವ ಹಾಗೆ ಒಂದು ಫೋಟೋ ತೆಗೆಯಿರಿ, ತಾರೀಖು ಬರೆದಿಡಿ. ಅದೊಂದೇ ಸಾಕು, ಆ ಹಕ್ಕಿ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಬಹುದು.

ವಾಪಸ್ ಹೋಗುವ ದಾರಿಯಲ್ಲಿ ಹಿಮಾಲಯ ದಾಟಬೇಕಲ್ವಾ? ಉಪಗ್ರಹದ ಮೂಲಕ ಬೆನ್ನು ಹತ್ತಿದಾಗ ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದು ಆರು ಸಲ ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ. ಅಲ್ಲಿನ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ. ಆದರೆ ರಕ್ತವೊಂದಿದ್ದರೆ ಸಾಲದು, ಮೈಯಲ್ಲಿ ಕೊಬ್ಬು ಬೇಕು. ಅದನ್ನು ಅವು ತುಂಬಿಕೊಳ್ಳುವುದು ಇಲ್ಲಿ, ನಮ್ಮ ಕುಯ್ದ ಗದ್ದೆಗಳಲ್ಲಿ. ಹಗಲು ನೀರಿನಲ್ಲಿ ಸುಮ್ನೆ ಕೂತಿರುತ್ತವೆ, ಕತ್ತಲಾಗುವಾಗ ಮೇಯಲು ಹೊಲ ಗದ್ದೆಗೆ ಇಳಿಯುತ್ತವೆ.

ಒಮ್ಮೆ ಫೆಬ್ರವರಿಯ ಒಂದು ಸಂಜೆ ಕೆರೆ ಏರಿ ಮೇಲೆ ಕೂತಿದ್ದೆ. ಹತ್ತಿರದಲ್ಲೇ ಒಂದು ಬಾತು ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ನಿದ್ದೆ ಮಾಡುತ್ತಿತ್ತು. ಯಾರೋ ಡ್ರೋನ್ ಬಿಟ್ಟರು. ಇಡೀ ಗುಂಪು ಕೂಗುತ್ತಾ ಮೇಲೆದ್ದು ಕೆರೆ ಸುತ್ತತೊಡಗಿತು, ಮತ್ತೆ ಇಳಿಯಲು ಅರ್ಧ ಗಂಟೆ ಹಿಡಿಯಿತು. ಕೂಡಿಟ್ಟ ಕೊಬ್ಬು ಹೀಗೆ ವ್ಯರ್ಥವಾಗಿ ಕರಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಏರಿಯಿಂದಲೇ ನೋಡಿ, ಕೆಳಗೆ ಇಳಿಯಬೇಡಿ.

ಪ್ರಶ್ನೆ: ಕೊಕ್ಕರೆ ಬೆಳ್ಳೂರಿಗೆ ಬರುವ ಕೊಕ್ಕರೆಗಳು ಸೈಬೀರಿಯಾದವು ಅಂತಾರೆ, ನಿಜವಾ? ಈಗ ಹೋದರೆ ಸಿಗುತ್ತವಾ?
(ಮದ್ದೂರಿನ ಓದುಗರು)

ಉತ್ತರ: ನಿಜ ಅಲ್ಲ. ಅಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ನಮ್ಮ ನಾಡಿನವೇ. ನೀರು, ಮೀನು ಸಿಗುವ ಕಡೆ ಅಲೆದಾಡಿ, ಗೂಡು ಕಟ್ಟಲು ಬೆಳ್ಳೂರಿನ ಹುಣಸೆ, ಅರಳಿ ಮರಗಳಿಗೆ ಬರುತ್ತವೆ. ಈಗಲೇ ಹೋಗಿ, ಮಾರ್ಚ್‌ನಲ್ಲಿ ಮರಿಗಳು ಇರುತ್ತವೆ. ಬಿಸಿಲು ಏರಿದಾಗ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುವುದನ್ನು ನೋಡದೆ ಬರಬೇಡಿ. ಮರದ ಕೆಳಗೆ ಗಲಾಟೆ ಬೇಡ. ಮರಿ ಬಿದ್ದಿದ್ದು ಕಂಡರೆ ನೀವೇ ಎತ್ತಲು ಹೋಗದೆ ಊರಿನವರಿಗೆ ಹೇಳಿ, ಅಂಥ ಮರಿಗಳನ್ನು ಸಾಕಿ ಮತ್ತೆ ಬಿಟ್ಟು ಅವರಿಗೆ ಅಭ್ಯಾಸವಿದೆ.