ಗೋಮುಖವ್ಯಾಘ್ರ ಯಾವಾಗ ಬಾಯಿ ತೆರೆಯಬೇಕು?

ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳ ಜೊತೆ ಡಿಸ್ನಿಯ ಕಾರ್ಟೂನ್ ಸಿನಿಮಾ ‘ಫ್ರೋಜನ್’ ನೋಡಿದವರ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಎತ್ತಿಕೊಂಡಿದ್ದೇವೆ. ಸಿನಿಮಾ 2013ರದು, ಜಗಳ ಮಾತ್ರ ಇನ್ನೂ ಆರಿಲ್ಲ. ಇನ್ನೂ ನೋಡದವರು ಮೊದಲ ಉತ್ತರ ಹಾರಿಸಿ ಓದಿ.

ಮುಕ್ಕಾಲು ಸಿನಿಮಾ ಒಳ್ಳೆಯವನಾಗಿದ್ದ ರಾಜಕುಮಾರ ಹ್ಯಾನ್ಸ್ ಇದ್ದಕ್ಕಿದ್ದಂತೆ ಖಳನಾದದ್ದು ಮೋಸವಲ್ಲವೇ? ಮಗಳು ಅತ್ತಳು, ದೊಡ್ಡವರಿಗೆ ಸಿಟ್ಟು ಬಂತು. (ಚಿಂತಾಮಣಿ)

ಮೋಸ ಹೌದು, ಆದರೆ ಸುಳಿವೇ ಕೊಡದ ಮೋಸವಲ್ಲ. ತನಗೆ ಹನ್ನೆರಡು ಜನ ಅಣ್ಣಂದಿರು ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಅಂದಮೇಲೆ ಅವನ ನಾಡಿನ ಸಿಂಹಾಸನ ಅವನ ಪಾಲಿಗೆ ಬರುವ ಮಾತೇ ಇಲ್ಲ. ಮಂಜಿನ ಅರಮನೆಯಲ್ಲಿ ಭಟನೊಬ್ಬ ಹಿಮದ ಶಕ್ತಿಯ ರಾಣಿ ಎಲ್ಸಾಗೆ ಬಾಣದ ಗುರಿಯಿಟ್ಟಾಗ ಹ್ಯಾನ್ಸ್ ಆ ಬಿಲ್ಲನ್ನು ಮೇಲಕ್ಕೆ ತಳ್ಳುತ್ತಾನಲ್ಲ, ಅದಕ್ಕೆ ಮುಂಚೆ ಅವನ ಕಣ್ಣು ಒಮ್ಮೆ ತೂಗುದೀಪದತ್ತ ಹೋಗುತ್ತದೆ. ಬಾಣ ತಾಗುವುದೂ ಅಲ್ಲಿಗೇ. ಕಾಪಾಡಿದನೋ ಕೆಡವಿದನೋ, ಇನ್ನೊಮ್ಮೆ ನೋಡಿ ನೀವೇ ಹೇಳಿ. ಜೊತೆಗೆ ವೆಸೆಲ್ಟನ್ನಿನ ಡ್ಯೂಕ್ ಎಂಬ ಕಣ್ಣುಕಟ್ಟು: ಗಿಡ್ಡ ಆಳು, ತಲೆಗೆ ವಿಗ್ಗು, ವ್ಯಾಪಾರದ ದುರಾಸೆ. ನಾವು ಅವನನ್ನೇ ಖಳನೆಂದು ಕಾವಲು ಕಾಯುತ್ತೇವೆ, ಕಳ್ಳ ಇನ್ನೊಂದು ಬಾಗಿಲಲ್ಲಿ ಒಳಗೆ ಬಂದಿರುತ್ತಾನೆ.

ನಿಮ್ಮ ಸಿಟ್ಟಿಗೂ ಆಧಾರವಿದೆ. ಬಂದರಿನಲ್ಲಿ ಎಲ್ಸಾಳ ತಂಗಿ ಅನ್ನಾ ಹೊರಟುಹೋದ ಮೇಲೆ ಹ್ಯಾನ್ಸ್ ಅವಳ ಹಿಂದೆ ನೋಡುತ್ತ ಮೆಚ್ಚಿ ನಗುತ್ತಾನೆ. ಸುತ್ತ ನೋಡುವವರು ಯಾರೂ ಇಲ್ಲ; ಮತ್ತೆ ಆ ನಟನೆ ಯಾರಿಗಾಗಿ? ಎದುರಿಗಿದ್ದವರಂತೆ ಆಗಿಬಿಡುವ ಕನ್ನಡಿ ಅವನು ಎಂದು ಸಮರ್ಥಿಸುವವರಿದ್ದಾರೆ. ಎದುರಿಗೆ ಯಾರೂ ಇಲ್ಲದ ಆ ಒಂದು ಶಾಟಿಗೆ ಆ ಸಮರ್ಥನೆ ಸಾಲದು. ಸಿನಿಮಾ ಮಾಡಿದವರ ಮೊದಲ ಯೋಚನೆಯಲ್ಲಿ ಎಲ್ಸಾಳೇ ಖಳನಾಯಕಿ. ‘ಲೆಟ್ ಇಟ್ ಗೋ’ ಹಾಡು ತಯಾರಾದ ಮೇಲೆ ಅವಳನ್ನು ಕೆಟ್ಟವಳಾಗಿಸಲು ಮನಸ್ಸು ಬಾರದೆ ಕಥೆಯನ್ನೇ ತಿರುಗಿಸಿದರು.

ನಮ್ಮ ತುಮಕೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿ ರಾಕ್ಷಸ ಅಬ್ಬರಿಸಿಕೊಂಡೇ ರಂಗಕ್ಕೆ ಬರುತ್ತಾನೆ, ಬಣ್ಣ ನೋಡಿದೊಡನೆ ಮಗುವಿಗೂ ಗೊತ್ತಾಗುತ್ತದೆ. ಹ್ಯಾನ್ಸ್ ನಾಯಕನ ವೇಷ ತೊಟ್ಟು ಬಂದವನು. ಅತ್ತುಬಿಟ್ಟ ನಿಮ್ಮ ಮಗಳಿಗೆ ಸಿನಿಮಾ ಸರಿಯಾಗಿಯೇ ಅರ್ಥವಾಗಿದೆ.

ನಾಲ್ಕು ವರ್ಷದ ಮಗ ಖಳನಿಗೆ ಹೆದರಲಿಲ್ಲ, ಹಿಮದ ದೈತ್ಯ ಬಂದಾಗ ಕಿರುಚಿಕೊಂಡ. ಟಿವಿ ಆರಿಸಿದೆವು. ರಾತ್ರಿ ನಿದ್ದೆಯಿಲ್ಲ. (ತಿಪಟೂರು)

ಮೂರರಿಂದ ಐದು ವರ್ಷದವರು ಹೆದರುವುದು ಕಣ್ಣಿಗೆ ಕಂಡದ್ದಕ್ಕೆ, ಕಿವಿಗೆ ಬಿದ್ದದ್ದಕ್ಕೆ. ನಂಬಿಸಿ ಕೈಕೊಡುವುದು ತಟ್ಟುವುದು ಏಳೆಂಟು ವರ್ಷದ ಮೇಲೆ. ಟಿವಿ ಆರಿಸಿದ್ದೇ ತಪ್ಪಾಯಿತು: ದೈತ್ಯ ಬಾಯಿ ತೆರೆದ ಚಿತ್ರವೇ ಅವನ ತಲೆಯಲ್ಲಿ ಉಳಿಯಿತು. ಸದ್ದು ಪೂರ್ತಿ ಇಳಿಸಿ, ಲೈಟು ಹಾಕಿ, ಆ ದೃಶ್ಯ ಮುಗಿಯುವವರೆಗೆ ಓಡಿಸಿ. ಕೊನೆಯಲ್ಲಿ ಅದೇ ದೈತ್ಯ ಪುಟ್ಟ ಕಿರೀಟ ಸಿಕ್ಕಿ ಖುಷಿಪಡುವ ತುಣುಕಿದೆ, ಅದನ್ನು ಹಗಲಲ್ಲಿ ತೋರಿಸಿ.

ಇನ್ನೊಂದು ಕಾರಣ ಟಿವಿಯೊಳಗೇ ಇದೆ. ಸಿನಿಮಾದ ಮಾತು ಮೆಲ್ಲಗೆ, ಹೊಡೆದಾಟ ಜೋರು. ಮಾತು ಕೇಳಲೆಂದು ನಾವು ಸದ್ದು ಏರಿಸುತ್ತೇವೆ, ಮರುಕ್ಷಣ ದೈತ್ಯ ಗರ್ಜಿಸುತ್ತಾನೆ. ಸೌಂಡ್ ಸೆಟ್ಟಿಂಗ್‌ನಲ್ಲಿ ‘ನೈಟ್ ಮೋಡ್’ ಅಥವಾ ‘ಆಟೋ ವಾಲ್ಯೂಮ್’ ಇದ್ದರೆ ಹಾಕಿ, ಏರಿಳಿತ ತಗ್ಗುತ್ತದೆ. “ಅದೆಲ್ಲ ಸುಳ್ಳು ಕಣೋ” ಎಂಬ ಮಾತು ಆ ವಯಸ್ಸಿಗೆ ಕೆಲಸ ಮಾಡದು.

ಮೂಲ ಕಥೆಯಲ್ಲಿ ಹಿಮರಾಣಿಗೆ ಏನು ಶಿಕ್ಷೆ? (ಮಾಲೂರು)

ಏನೂ ಇಲ್ಲ! 1844ರ ಡಿಸೆಂಬರಿನಲ್ಲಿ ಪ್ರಕಟವಾದ, ‘ಫ್ರೋಜನ್’ಗೆ ಪ್ರೇರಣೆಯಾದ ಆಂಡರ್ಸನ್ನರ ‘ಹಿಮರಾಣಿ’ ಕಥೆಯಲ್ಲಿ, ರಾಣಿ ಒಯ್ದ ಗೆಳೆಯ ಕಾಯ್‌ನನ್ನು ಹುಡುಕಿಕೊಂಡು ಗೆರ್ಡಾ ಎಂಬ ಹುಡುಗಿ ಅರಮನೆ ಸೇರುವ ಹೊತ್ತಿಗೆ ರಾಣಿ ಬೆಚ್ಚನೆಯ ನಾಡಿಗೆ ಹೊರಟುಹೋಗಿರುತ್ತಾಳೆ. ಕಾಯ್‌ನನ್ನು ಕೆಡಿಸಿದ್ದು ದೆವ್ವ ಮಾಡಿದ ಕನ್ನಡಿಯ ಚೂರುಗಳು. ಎದೆಯ ಚೂರು ಗೆರ್ಡಾಳ ಕಣ್ಣೀರಿಗೆ ಕರಗುತ್ತದೆ, ಕಣ್ಣಿನದು ಅವನದೇ ಅಳುವಿನಲ್ಲಿ ಕೊಚ್ಚಿಹೋಗುತ್ತದೆ. ಪುಣ್ಯಕೋಟಿಯ ಹುಲಿಯಾದರೂ ಹಾರಿ ಪ್ರಾಣ ಬಿಟ್ಟಿತು, ಈಕೆ ಪ್ರವಾಸದಲ್ಲಿ.

ಶಾಲೆಯಲ್ಲಿ ಮಕ್ಕಳಿಂದ ‘ಫ್ರೋಜನ್’ ಕಥೆಯನ್ನೇ ನೆರಳಾಟ ಮಾಡಿಸುತ್ತಿದ್ದೇವೆ. ಖಳ ಬಯಲಾಗುವ ದೃಶ್ಯ ಸಪ್ಪೆ, ನೆರಳೂ ಮಸುಕು. (ಗೌರಿಬಿದನೂರು)

ಮಸುಕಿಗೆ ಕಾರಣ ಬಹುಶಃ ಟ್ಯೂಬ್‌ಲೈಟು. ಉದ್ದನೆಯ ದೀಪದಿಂದ ಬೆಳಕು ಹಲವು ಕಡೆಯಿಂದ ಬಂದು ಅಂಚು ಕಲಸಿಹೋಗುತ್ತದೆ. ಒಂದೇ ಒಂದು ಮೊಬೈಲ್ ಟಾರ್ಚ್ ಸಾಕು. ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ನಾಲ್ಕೂ ಮೂಲೆಗೆ ಎಳೆದು ಕಟ್ಟಿ, ಟಾರ್ಚನ್ನು ನಾಲ್ಕು ಅಡಿ ಹಿಂದೆ, ಆಡಿಸುವವರ ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ. ತಗ್ಗಿನಲ್ಲಿಟ್ಟರೆ ಮಕ್ಕಳ ತಲೆಗಳೂ ಪಾತ್ರಗಳಾಗುತ್ತವೆ.

ತೊಗಲುಗೊಂಬೆಯಲ್ಲಿ ಬೆಳಕು ಹಾಯುವಷ್ಟು ತೆಳುವಾದ ಚರ್ಮವೇ ಬಣ್ಣ ತೋರುತ್ತದೆ. ರಟ್ಟಿನಲ್ಲಿ ಅದಾಗದು, ಅಂಗಿಯ ಭಾಗ ಕತ್ತರಿಸಿ ತೆಗೆದು ಬಣ್ಣದ ಜಿಲೆಟಿನ್ ಹಾಳೆ ಅಂಟಿಸಿ. ಹಿಡಿಗೆ ತೆಂಗಿನ ಕಡ್ಡಿ ಬಾಗುತ್ತದೆ, ಬಿದಿರು ಸೀಳು ಒಳ್ಳೆಯದು.

ಇನ್ನು ಹ್ಯಾನ್ಸ್. ಅವನಿಗೆ ಕೊಂಬು, ಕೋರೆಹಲ್ಲಿನ ಎರಡನೇ ಗೊಂಬೆ ಮಾಡಿಟ್ಟಿದ್ದರೆ ದಯವಿಟ್ಟು ಪಕ್ಕಕ್ಕಿಡಿ. ಗೊಂಬೆ ಅದೇ ಇರಲಿ, ನೆರಳು ಬದಲಾಗಲಿ. ಒಂದಡಿ ಗೊಂಬೆ ಬಟ್ಟೆಗೆ ಒತ್ತಿಕೊಂಡಿದ್ದರೆ ನೆರಳೂ ಒಂದಡಿ. ದೀಪಕ್ಕೂ ಬಟ್ಟೆಗೂ ನಡುವೆ, ಎರಡಡಿಗೆ ತಂದರೆ ಎರಡಡಿ. ದೀಪ ಮೇಲಿರುವುದರಿಂದ ಹಿಂದೆ ತಂದಷ್ಟೂ ನೆರಳು ಕೆಳಕ್ಕೆ ಜಾರಿ ಕಾಲು ಕತ್ತರಿಸಿದಂತಾಗುತ್ತದೆ. ಗೊಂಬೆಯನ್ನು ಎತ್ತುತ್ತಲೇ ಹಿಂದೆ ತನ್ನಿ. ಸಿನಿಮಾದಲ್ಲಿ ಅವನು ಮೇಣದಬತ್ತಿ ಆರಿಸಿ, ಒಲೆಯ ಬೆಂಕಿಗೆ ನೀರು ಸುರಿಯುತ್ತಾನೆ. ನೀವು ಅಲ್ಲಿಯವರೆಗೆ ಟಾರ್ಚಿನ ಮುಂದೆ ಕೇಸರಿ ಹಾಳೆ ಹಿಡಿದಿದ್ದು, ಆಗ ಅದನ್ನು ತೆಗೆದು ನೀಲಿ ಹಿಡಿಯಿರಿ. ಹಾರ್ಮೋನಿಯಂ ನಿಲ್ಲಲಿ, ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ನೆರಳು ಬೆಳೆಯಲಿ.