ಎರಡೂ ಸೆಪ್ಟೈಲ್, ಎರಡೂ ಲೆವೆಲ್ 50. ತಮ್ಮನದ್ದೇ ಯಾಕೆ ಮೊದಲು ಹೊಡೆಯುತ್ತೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಪೊಕೆಮಾನ್ ಅನ್ನೋ ಜೀವಿಗಳನ್ನು ಹಿಡಿದು, ಸಾಕಿ, ಹೊಡೆದಾಡಿಸುವ ಪೊಕೆಮಾನ್ ಎಮರಾಲ್ಡ್ ವಿಡಿಯೋ ಗೇಮ್‌ನಲ್ಲಿ ನಿಮ್ಮದೂ ಸೆಪ್ಟೈಲ್ (ಹುಲ್ಲಿನ ಜಾತಿಯ ಹಲ್ಲಿ), ತಮ್ಮನದೂ ಸೆಪ್ಟೈಲ್, ಎರಡೂ ಲೆವೆಲ್ 50. ಆದರೂ ಪ್ರತಿ ಸಲ ಅವನದ್ದೇ ಮೊದಲು ಹೊಡೆಯುತ್ತದೆ. ಅವನು ಏನಾದರೂ ಮೋಸ ಮಾಡ್ತಿದ್ದಾನಾ, ಈ ‘ಇವಿ’ ಅಂತಾರಲ್ಲ ಅದೇನು ಅಂತ ಕೇಳಿದ್ದೀರಿ. ನಗು ಯಾಕಂದ್ರೆ, ಇದೇ ಅನುಮಾನದ ಮೇಲೆ ನಾನು ನನ್ನ ಚಿಕ್ಕಮ್ಮನ ಮಗನ ಜೊತೆ ಒಂದು ಬೇಸಿಗೆ ರಜೆಯಲ್ಲಿ ಮಾತು ಬಿಟ್ಟಿದ್ದೆ.

ನಮ್ಮದು ದಾವಣಗೆರೆ. ಅವನದು ಚಳ್ಳಕೆರೆ. ಸೋದರಮಾವ ದುಬೈನಿಂದ ಬಂದಾಗ ಇಬ್ಬರಿಗೂ ಈ ಆಟ ಆಡುವ ಒಂದೊಂದು ಗೇಮ್ ಬಾಯ್ ಅಡ್ವಾನ್ಸ್ ತಂದುಕೊಟ್ಟಿದ್ದರು, ಎರಡನ್ನೂ ಜೋಡಿಸುವ ಕೇಬಲ್ ಸಮೇತ. ರಜೆಗೆ ಅವನು ನಮ್ಮ ಮನೆಗೆ ಬಂದ. ಇಬ್ಬರೂ ಟ್ರೀಕೋ ಆರಿಸಿಕೊಂಡೇ ಆಟ ಶುರು ಮಾಡಿದವರು, ಅದು ಬೆಳೆದು ಇಬ್ಬರದ್ದೂ ಸೆಪ್ಟೈಲ್ ಆಗಿತ್ತು. ನಾನು ಸಿಕ್ಕ ರೇರ್ ಕ್ಯಾಂಡಿಯನ್ನೆಲ್ಲ ಅದಕ್ಕೇ ತಿನ್ನಿಸಿ ಲೆವೆಲ್ ಸರಿ ಮಾಡಿಕೊಂಡು ಕೂತಿದ್ದೆ. ಕೇಬಲ್ ಹಾಕಿ ಆಡಿದರೆ ಹತ್ತಕ್ಕೆ ಹತ್ತು ಸಲ ಅವನದ್ದೇ ಮೊದಲು. ‘ಏನೋ ಮಾಡಿದೀಯ ಕಣಲೇ’ ಅಂದೆ. ‘ಇಲ್ಲಣ್ಣ, ಸುಮ್ನೆ ಮೀನು ಹಿಡಿದೆ ಅಷ್ಟೇ’ ಅಂದ.

ಅವನು ಹೇಳಿದ್ದು ನಿಜವಾಗಿತ್ತು. ಚಳ್ಳಕೆರೆಗೆ ಹೆಸರಲ್ಲಿ ಮಾತ್ರ ಕೆರೆ, ನೀರು ಇಲ್ಲೇ ಕಾಣಬೇಕು ಅಂತ ಅವನೇ ತಮಾಷೆ ಮಾಡುತ್ತಿದ್ದ. ಆಟದಲ್ಲಿ ಓಲ್ಡ್ ರಾಡ್ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ. ಆ ಗಾಳಕ್ಕೆ ಸಿಗುವುದು ಹೆಚ್ಚಾಗಿ ಮ್ಯಾಜಿಕಾರ್ಪ್. ನೀರಲ್ಲಿ ಪಟಪಟ ಒದ್ದಾಡುವುದು ಬಿಟ್ಟರೆ ಏನೂ ಬಾರದ ಮೀನು. ಸಿಕ್ಕಿದ್ದನ್ನೆಲ್ಲ ಸೆಪ್ಟೈಲ್ ಕೈಯಲ್ಲಿ ಹೊಡೆಸುತ್ತಿದ್ದ. ಆ ಕೈಲಾಗದ ಮೀನುಗಳೇ ನನ್ನನ್ನು ಸೋಲಿಸಿದ್ದವು. ಇದು ಅವನಿಗೂ ಗೊತ್ತಿರಲಿಲ್ಲ.

ಆಗುವುದು ಹೀಗೆ. ನಿಮ್ಮ ಪೊಕೆಮಾನ್ ಯಾರನ್ನಾದರೂ ಸೋಲಿಸಿದಾಗ ತೆರೆಯ ಮೇಲೆ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಕಾಣಿಸುತ್ತದೆ. ಅದರ ಜೊತೆಗೆ ಇನ್ನೊಂದು ಲೆಕ್ಕ ಒಳಗೆ ನಡೆಯುತ್ತದೆ, ಅದನ್ನು ಆಟ ಬಾಯಿ ಬಿಟ್ಟು ಹೇಳುವುದಿಲ್ಲ. ಅದೇ ಇವಿ, ಅಂದರೆ ಎಫರ್ಟ್ ವ್ಯಾಲ್ಯೂ. ಸೋತ ಪೊಕೆಮಾನ್ ಯಾವುದೋ ಅದರ ಮೇಲೆ ನಿಮಗೆ 1, 2 ಅಥವಾ 3 ಪಾಯಿಂಟ್ ಜಮಾ ಆಗುತ್ತದೆ. ಮ್ಯಾಜಿಕಾರ್ಪ್ ಸೋತರೆ ಸ್ಪೀಡ್‌ಗೆ 1, ಸ್ಪೀಡ್ ಜಾಸ್ತಿ ಇದ್ದದ್ದೇ ಮೊದಲು ಹೊಡೆಯುವುದು. ಜಿಗ್ಜಗೂನ್, ವಿಂಗಲ್ ಕೂಡ ಸ್ಪೀಡ್‌ಗೇ 1. ಪೂಚಿಯೆನಾ ಸೋತರೆ ಅಟ್ಯಾಕ್‌ಗೆ, ಜಿಯೋಡ್ಯೂಡ್ ಸೋತರೆ ಡಿಫೆನ್ಸ್‌ಗೆ, ವಿಸ್ಮರ್ ಸೋತರೆ ಎಚ್‌ಪಿಗೆ, ಅಂದರೆ ಪ್ರಾಣಬಲಕ್ಕೆ. ಎದುರಿಗಿದ್ದದ್ದು ಲೆವೆಲ್ 5 ಆದರೂ ಒಂದೇ, 50 ಆದರೂ ಒಂದೇ. ಎಕ್ಸ್‌ಪೀರಿಯನ್ಸ್‌ಗೆ ಪುಡಿಗಾಸು ಕೊಡುವ ಮೀನು ಇವಿಗೆ ಮಾತ್ರ ಪೂರ್ತಿ 1 ಕೊಡುತ್ತದೆ.

ಹಾಗಂತ ಎಷ್ಟು ಬೇಕಾದರೂ ತುಂಬಿಕೊಳ್ಳಲು ಆಗಲ್ಲ. ಒಂದು ಪೊಕೆಮಾನ್‌ಗೆ ಒಟ್ಟು 510. ಎಮರಾಲ್ಡ್‌ನಲ್ಲಿ ಒಂದೊಂದು ಸ್ಟ್ಯಾಟ್‌ಗೆ (ಸ್ಪೀಡ್, ಅಟ್ಯಾಕ್, ಎಚ್‌ಪಿ ಇವೆಲ್ಲ ಸ್ಟ್ಯಾಟ್‌ಗಳು) ಹೆಚ್ಚೆಂದರೆ 255. ಚೀಲ ತುಂಬಿದ ಮೇಲೆ ಎಷ್ಟು ಸುರಿದರೂ ನೆಲಕ್ಕೇ. ನೀವು ಕಥೆ ಆಡುತ್ತಾ ಸಿಕ್ಕಸಿಕ್ಕವರನ್ನು ಹೊಡೆದುಕೊಂಡು ಬಂದಿರುತ್ತೀರಿ. ಗುಹೆಯಲ್ಲಿ ಜಿಯೋಡ್ಯೂಡ್, ಸುರಂಗದಲ್ಲಿ ವಿಸ್ಮರ್, ದಾರಿಯಲ್ಲಿ ಟ್ರೇನರ್‌ಗಳು. ನಿಮ್ಮ 510ರಲ್ಲಿ ಬಹುಪಾಲು ಬೇಡದ ಕಡೆ ಚೆಲ್ಲಾಪಿಲ್ಲಿಯಾಗಿ ಹೋಗಿರುತ್ತದೆ. ನನ್ನದೂ ಹಾಗೇ ಆಗಿತ್ತು. ರೇರ್ ಕ್ಯಾಂಡಿಯಿಂದ ಲೆವೆಲ್ ಏರುತ್ತದೆ, ಇವಿ ಒಂದೂ ಬರುವುದಿಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನೋಡೋಣ. ಸೆಪ್ಟೈಲ್ ಜಾತಿಗೆ ಹುಟ್ಟಿನಿಂದ ಬರುವ ಸ್ಪೀಡ್ 120, ಇದಕ್ಕೆ ಬೇಸ್ ಅಂತಾರೆ. ಲೆಕ್ಕ ಹೀಗೆ: ಬೇಸ್‌ನ ಎರಡು ಪಟ್ಟು, ಅದಕ್ಕೆ ಐವಿ (ಇದೇನು ಅಂತ ಮುಂದೆ ಹೇಳುತ್ತೇನೆ) ಕೂಡಿಸಿ, ಇವಿಯನ್ನು 4ರಿಂದ ಭಾಗಿಸಿ ಅದನ್ನೂ ಕೂಡಿಸಿ. ಬಂದದ್ದನ್ನು ಲೆವೆಲ್‌ನಿಂದ ಗುಣಿಸಿ 100ರಿಂದ ಭಾಗಿಸಿ, ಕೊನೆಗೆ 5 ಸೇರಿಸಿ. ಐವಿ, ಇವಿ ಎರಡೂ ಸೊನ್ನೆ ಇದ್ದರೆ ಲೆವೆಲ್ 50ರಲ್ಲಿ ಸ್ಪೀಡ್ 125. ಇವಿ ಮಾತ್ರ 252 ತುಂಬಿದರೆ 156. ಬರೀ ಮೀನು ಹೊಡೆದದ್ದಕ್ಕೆ 31 ಜಾಸ್ತಿ! ಮೊದಲು ಹೊಡೆಯಲು 31 ಕೂಡ ಬೇಡ, ಒಂದೇ ಒಂದು ಜಾಸ್ತಿ ಇದ್ದರೂ ಸಾಕು. ಅದಕ್ಕೇ ನಿಮ್ಮ ತಮ್ಮ ಒಂದೆರಡು ಸಲ ಅಲ್ಲ, ಪ್ರತಿ ಸಲ ಮೊದಲು ಹೊಡೆಯುತ್ತಿದ್ದಾನೆ.

ಐವಿ ಅಂದೆನಲ್ಲ, ಅದು ಬೇರೆ. ಪೊಕೆಮಾನ್ ಹುಟ್ಟುವಾಗಲೇ ಪ್ರತಿ ಸ್ಟ್ಯಾಟ್‌ಗೂ 0ಯಿಂದ 31ರ ಒಳಗೆ ಒಂದು ಸಂಖ್ಯೆ ಬಿದ್ದಿರುತ್ತದೆ, ಎಮರಾಲ್ಡ್‌ನಲ್ಲಿ ಅದನ್ನು ಬದಲಿಸಲು ಆಗಲ್ಲ. ಮೂರನೆಯದು ನೇಚರ್, ಅಂದರೆ ಸ್ವಭಾವ. ಒಟ್ಟು 25 ನೇಚರ್‌ಗಳಿವೆ. ಐದರಿಂದ ಏನೂ ಆಗುವುದಿಲ್ಲ, ಉಳಿದವು ಒಂದು ಸ್ಟ್ಯಾಟ್ ಅನ್ನು ನೂರಕ್ಕೆ 10 ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಎಲ್ಲ ಕೆಟ್ಟದ್ದೇ ಸೇರಿದರೆ ಲೆವೆಲ್ 50ರ ಸೆಪ್ಟೈಲ್ ಸ್ಪೀಡ್ 112. ಎಲ್ಲ ಒಳ್ಳೆಯದೇ ಸೇರಿದರೆ 189. ಹೊರಗಿಂದ ನೋಡಿದರೆ ಎರಡೂ ಒಂದೇ ಹಲ್ಲಿ.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ. ಅಖಾಡದಲ್ಲಿ ವಯಸ್ಸು ಎಷ್ಟು ಅಂತ ಯಾರೂ ಕೇಳಲ್ಲ, ಯಾವ ಗರಡಿ ಅಂತ ಕೇಳುತ್ತಾರೆ. ನಾನು ಲೆವೆಲ್ ನೋಡಿ ಅಖಾಡಕ್ಕೆ ಇಳಿದಿದ್ದೆ.

ಈ ವಿಷಯ ನನಗೆ ಗೊತ್ತಾಗಿದ್ದು ಸೈಬರ್ ಸೆಂಟರ್‌ನಲ್ಲಿ, ಮಾಡೆಲ್ ಪ್ರಶ್ನೆಪತ್ರಿಕೆ ಹುಡುಕುತ್ತೀನಿ ಅಂತ ಮನೆಯಲ್ಲಿ ದುಡ್ಡು ಇಸಿದುಕೊಂಡು ಹೋದ ದಿನ. ಬಂದವನೇ ಹೊಸ ಟ್ರೀಕೋ ಸಾಕಲು ಕೂತೆ. ಇವಿ ಎಷ್ಟಾಯಿತು ಅಂತ ಎಮರಾಲ್ಡ್ ತೋರಿಸುವುದಿಲ್ಲ, ನಾವೇ ಎಣಿಸಬೇಕು. ಅಪ್ಪಾಜಿಯದು ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಲಾರಿಗೆ ಚೀಲ ಏರಿಸುವಾಗ ಹಮಾಲರ ಲೆಕ್ಕಕ್ಕೆ ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ ಗೀಟು ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅಂಗಡಿಯ ಒಂದು ಎಣಿಕೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನೂ ಹಾಗೇ ಗೀಟು ಹಾಕುತ್ತಾ ಹೋದೆ. ತಿಂಗಳ ಕೊನೆಗೆ ಗುಮಾಸ್ತರು ಪುಸ್ತಕ ತಿರುವಿ, ‘ಸಾವ್ಕಾರ್ರೇ, ಈ ಜಿಗ್ಜಗೂನ್ ಯಾವ ಪಾರ್ಟಿ? 76 ಚೀಲ ಹೋಗೇತಿ, ಬಿಲ್ಲೇ ಇಲ್ಲ’ ಅಂದರಂತೆ. ಅವತ್ತು ನನಗೆ ಬಿದ್ದ ಬೈಗುಳಕ್ಕೆ ಲೆಕ್ಕ ಇಟ್ಟಿಲ್ಲ.

76 ಯಾಕೆ ಅಂತ ಹೇಳಿದರೆ ನಿಮಗೆ ಮಾಡುವ ದಾರಿಯೂ ಸಿಗುತ್ತದೆ. ಆಟದೊಳಗಿನ ಸ್ಲೇಟ್‌ಪೋರ್ಟ್ ಊರಿನ ಸಂತೆಯಲ್ಲಿ ಕಾರ್ಬೋಸ್ ಅಂತ ಒಂದು ಟಾನಿಕ್ ಸಿಗುತ್ತದೆ, ಒಂದಕ್ಕೆ ಆಟದ ದುಡ್ಡಲ್ಲಿ 9800. ಒಂದು ತಿನ್ನಿಸಿದರೆ ಸ್ಪೀಡ್‌ಗೆ 10 ಇವಿ. ಆದರೆ ಆ ಸ್ಟ್ಯಾಟ್‌ನ ಇವಿ 100 ಮುಟ್ಟಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಮೊದಲು ಹತ್ತು ಕಾರ್ಬೋಸ್, ಆಮೇಲೆ ಹೊಡೆದಾಟ. ತಿರುಗುಮುರುಗು ಮಾಡಿದರೆ ದುಡ್ಡು ಉಳಿಯುತ್ತೆ ಅನ್ನಿ, ಗೀಟು ಜಾಸ್ತಿ ಹಾಕಬೇಕು. ಹತ್ತು ತಿನ್ನಿಸಿದರೆ 100 ಆಯಿತು, 252ಕ್ಕೆ ಇನ್ನು 152 ಬೇಕು. ರೂಟ್ 111ರಲ್ಲಿ ವಿನ್‌ಸ್ಟ್ರೇಟ್ ಅಂತ ಒಂದು ಮನೆಯಿದೆ. ಆ ಮನೆಯವರನ್ನೆಲ್ಲ ಸೋಲಿಸಿದರೆ ಮಾಚೋ ಬ್ರೇಸ್ ಕೊಡುತ್ತಾರೆ. ಅದನ್ನು ಪೊಕೆಮಾನ್ ಹಿಡಿದುಕೊಂಡರೆ ಸಿಗುವ ಇವಿ ಎರಡು ಪಟ್ಟು, ಹಿಡಿದಿರುವಷ್ಟು ಹೊತ್ತು ಸ್ಪೀಡ್ ಮಾತ್ರ ಅರ್ಧ. ಒಂದು ಜಿಗ್ಜಗೂನ್‌ಗೆ 2 ಅಂದರೆ 76 ಜಿಗ್ಜಗೂನ್. ರೂಟ್ 118ರ ಹುಲ್ಲಿನಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲ ಸ್ಪೀಡ್ ಕೊಡುವಂಥವೇ. ಲೈನೂನ್, ಮ್ಯಾನೆಕ್ಟ್ರಿಕ್ ಸಿಕ್ಕರೆ ಒಂದಕ್ಕೆ 2, ಬ್ರೇಸ್ ಇದ್ದರೆ 4. ಗೀಟು ಹಾಕುವಾಗ ಅದನ್ನು ಮರೆಯಬೇಡಿ.

ಇನ್ನೊಂದು 252 ಸ್ಪೆಷಲ್ ಅಟ್ಯಾಕ್‌ಗೆ ಹಾಕಿ. ಎಮರಾಲ್ಡ್‌ನಲ್ಲಿ ಹುಲ್ಲಿನ ಜಾತಿಯ ಎಲ್ಲ ಹೊಡೆತವೂ ಸ್ಪೆಷಲ್ ಲೆಕ್ಕಕ್ಕೇ ಬರುತ್ತದೆ, ಕತ್ತಿ ಬೀಸಿದಂತೆ ಕಾಣುವ ಲೀಫ್ ಬ್ಲೇಡ್ ಕೂಡ. ನಾನು ಇದು ಗೊತ್ತಿಲ್ಲದೆ ಮೊದಲು ಅಟ್ಯಾಕ್‌ಗೆ ಸುರಿದು ಹಾಳು ಮಾಡಿದ್ದೆ. ಇದಕ್ಕೆ ಒಳ್ಳೆಯ ಜಾಗ ರೂಟ್ 113, ಮೇಲಿಂದ ಬೂದಿ ಉದುರುತ್ತಿರುತ್ತದಲ್ಲ, ಅದು. ಅಲ್ಲಿ ಸಿಗುವ ಸ್ಪಿಂಡಾ, ಸ್ಲಗ್ಮಾ ಎರಡೂ ಸ್ಪೆಷಲ್ ಅಟ್ಯಾಕ್‌ಗೆ 1 ಕೊಡುತ್ತವೆ. ನನಗೆ ಆ ರೂಟ್ ಬಹಳ ಇಷ್ಟ. ನಮ್ಮ ಮಂಡಕ್ಕಿ ಭಟ್ಟಿ ಕಡೆ ಹೋದರೆ ಈಗಲೂ ಅದೇ ನೆನಪಾಗುತ್ತದೆ.

255 ತನಕ ಬಿಡಬಹುದಲ್ಲ, 252ಕ್ಕೆ ಯಾಕೆ ನಿಲ್ಲಿಸಬೇಕು ಅಂತ ಕೇಳಬಹುದು. ನಾಲ್ಕಕ್ಕೆ ಒಂದರಂತೆ ಎಣಿಕೆ, 252ಕ್ಕೆ 63 ಆಯಿತು. ಮೇಲಿನ 3 ದಂಡ. ಎರಡು ಕಡೆ 255 ತುಂಬಿದರೆ 510 ಅಲ್ಲಿಗೇ ಮುಗಿಯಿತು. 252ಕ್ಕೆ ನಿಲ್ಲಿಸಿದರೆ 6 ಉಳಿಯುತ್ತದೆ, ಅದರಲ್ಲಿ 4 ಎಚ್‌ಪಿಗೆ ಹಾಕಿದರೆ ಲೆವೆಲ್ 100ರಲ್ಲಿ ಇನ್ನೊಂದು ಪಾಯಿಂಟ್.

ಸಣ್ಣಪುಟ್ಟ ವಿಷಯ ಬೇಗ ಹೇಳಿಬಿಡುತ್ತೇನೆ. ಓಡಿಹೋದರೆ ಇವಿ ಇಲ್ಲ. ಈ ಆಟದಲ್ಲಿ ಹಿಡಿದರೂ ಇಲ್ಲ, ಸೋಲಿಸಲೇಬೇಕು. ತಮ್ಮನ ಜೊತೆ ಕೇಬಲ್‌ನಲ್ಲಿ ಆಡಿದ್ದಕ್ಕೂ ಇಲ್ಲ. ಎಕ್ಸ್‌ಪಿ ಶೇರ್ ಅನ್ನೋ ವಸ್ತು ಹಿಡಿದ ಪೊಕೆಮಾನ್ ಹೊಡೆಯದಿದ್ದರೂ ಇವಿ ಪೂರ್ತಿ ಸಿಗುತ್ತದೆ, ಪಾಲಾಗುವುದಿಲ್ಲ. ಟ್ರೀಕೋಗೆ ತುಂಬಿದ್ದು ಸೆಪ್ಟೈಲ್ ಆದ ಮೇಲೂ ಉಳಿಯುತ್ತದೆ. ಹೊಡೆದ ತಕ್ಷಣ ಸ್ಟ್ಯಾಟ್ ಏರಿದ್ದು ಕಾಣಿಸುವುದಿಲ್ಲ, ಲೆವೆಲ್ ಏರಿದಾಗ ಕಾಣಿಸುತ್ತದೆ. ಲೆವೆಲ್ 100 ಮುಟ್ಟಿದ ಮೇಲೆ ಹೊಡೆದಾಟದಿಂದ ಇವಿ ಬರುವುದಿಲ್ಲ, ಅಷ್ಟರೊಳಗೆ ಮುಗಿಸಿ.

ಪೊಕೆರಸ್ ಅಂತ ಪೊಕೆಮಾನ್‌ಗೆ ತಗಲುವ ಒಂದು ವೈರಸ್ ಇದೆ. ಪೊಕೆಮಾನ್ ಸೆಂಟರ್‌ನಲ್ಲಿ ನರ್ಸ್ ಅದರ ಬಗ್ಗೆ ಹೇಳಿದಾಗ ನನ್ನ ತಂಗಿ ರೋಗ ಬಂತು ಅಂತ ಆ ಪೊಕೆಮಾನನ್ನು ಬಿಟ್ಟೇಬಿಟ್ಟಳು. ಅಯ್ಯೋ ಅನ್ನಿಸುತ್ತೆ ನನಗೆ ಈಗಲೂ! ಒಂದು ಹೊಡೆದಾಟಕ್ಕೆ ಅದು ತಗಲುವ ಅವಕಾಶ 65,536ರಲ್ಲಿ 3. ತಗಲಿದರೆ ಸಿಗುವ ಇವಿ ಎರಡು ಪಟ್ಟು, ಮಾಚೋ ಬ್ರೇಸ್ ಜೊತೆ ಸೇರಿದರೆ ನಾಲ್ಕು ಪಟ್ಟು. ಕೆಲವು ದಿನಕ್ಕೆ ಅದು ಬೇರೆಯವಕ್ಕೆ ಹರಡುವುದು ನಿಲ್ಲುತ್ತದೆ, ಆದರೆ ತಗಲಿದ್ದಕ್ಕೆ ಲಾಭ ಹಾಗೇ ಇರುತ್ತದೆ. ಸಿಕ್ಕರೆ ಒಂದನ್ನು ಆಟದಲ್ಲಿ ಪೊಕೆಮಾನ್ ಕೂಡಿಡುವ ಬಾಕ್ಸ್‌ನಲ್ಲಿ ಇಟ್ಟುಬಿಡಿ, ಅಲ್ಲಿ ದಿನ ಓಡುವುದಿಲ್ಲ.

ಈಗಿರುವ ಸೆಪ್ಟೈಲ್ ಬಿಸಾಡಬೇಕಾ? ಬೇಡ. ಎಮರಾಲ್ಡ್‌ನಲ್ಲೇ ಒಂದು ಉಪಾಯವಿದೆ, ಇದಕ್ಕಿಂತ ಹಿಂದಿನ ರೂಬಿ, ಸಫೈರ್ ಆಟ ಆಡಿದವರಿಗೆ ಅದು ಇರಲಿಲ್ಲ. ಕೆಲವು ಬೆರ್ರಿ ತಿನ್ನಿಸಿದರೆ ಇವಿ 10 ಇಳಿಯುತ್ತದೆ, ಪೊಕೆಮಾನ್‌ಗೆ ನಿಮ್ಮ ಮೇಲೆ ಪ್ರೀತಿ ಬೇರೆ ಹೆಚ್ಚುತ್ತದೆ. ಪೊಮೆಗ್ ಎಚ್‌ಪಿಗೆ, ಕೆಲ್ಪ್ಸಿ ಅಟ್ಯಾಕ್‌ಗೆ, ಕ್ವಾಲಟ್ ಡಿಫೆನ್ಸ್‌ಗೆ, ಗ್ರೆಪಾ ಸ್ಪೆಷಲ್ ಡಿಫೆನ್ಸ್‌ಗೆ. ನಿಮಗೆ ಈ ನಾಲ್ಕು ಸಾಕು. ಬೆರ್ರಿ ಬೆಳೆಯಲು ತಾಳ್ಮೆ ಬೇಕು, ದಿನಾ ನೀರು ಹಾಕಬೇಕು. ಎಲ್ಲ ತುಂಬಿತಾ ಅಂತ ತಿಳಿಯಲು ಸ್ಲೇಟ್‌ಪೋರ್ಟ್ ಸಂತೆಯಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. 510 ಪೂರ್ತಿಯಾಗಿದ್ದರೆ ಎಫರ್ಟ್ ರಿಬ್ಬನ್ ಕಟ್ಟುತ್ತಾಳೆ. ಯಾವುದಕ್ಕೆ ಎಷ್ಟು ತುಂಬಿದೆ ಅಂತ ಅವಳೂ ಹೇಳಲ್ಲ.

ಹೊಸ ಆಟಗಳಲ್ಲಿ ಇಷ್ಟು ಕಷ್ಟ ಇಲ್ಲ. 2013ರ ಎಕ್ಸ್, ವೈ ಆಟಗಳಲ್ಲಿ ಇವಿ ಚಿತ್ರವಾಗಿ ಕಾಣಿಸಲು ಶುರುವಾಯಿತು. 2019ರ ಸ್ವೋರ್ಡ್, ಶೀಲ್ಡ್‌ನಲ್ಲಿ ಕಾರ್ಬೋಸ್‌ನಂಥವನ್ನು 252 ತನಕ ತಿನ್ನಿಸಬಹುದು, ಮಿಂಟ್ ಕೊಟ್ಟು ನೇಚರ್‌ನ ಪರಿಣಾಮ ಕೂಡ ಬದಲಿಸಬಹುದು. ಫೋನಿನಲ್ಲಿ ಆಡುವ ಪೊಕೆಮಾನ್ ಗೋದಲ್ಲಿ ಇವಿಯೇ ಇಲ್ಲ, 0ಯಿಂದ 15ರ ಐವಿ ಮಾತ್ರ. ಅಲ್ಲಿಯ ಸಲಹೆ ಇಲ್ಲಿಗೆ ತರಬೇಡಿ.

ಕಥೆ ಮುಗಿಸುವುದಷ್ಟೇ ನಿಮ್ಮ ಆಸೆ ಆಗಿದ್ದರೆ ಇದ್ಯಾವುದೂ ಬೇಕಿಲ್ಲ. ಜಿಮ್ ಲೀಡರ್‌ಗಳನ್ನು ಸೋಲಿಸಲು ಯಾರೂ ಗೀಟು ಹಾಕುತ್ತಾ ಕೂರುವುದಿಲ್ಲ, ಲೆವೆಲ್ ಸ್ವಲ್ಪ ಏರಿಸಿದರೆ ಆಯಿತು. ತಮ್ಮನ ಎದುರು ಕೂತಾಗ ಮಾತ್ರ ಇದು ಬೇಕು.

ಒಂದು ವಿಷಯ ನೀವು ಬರೆದಿಲ್ಲ: ನಿಮ್ಮ ಸೆಪ್ಟೈಲ್ ನೇಚರ್ ಯಾವುದು? ಬ್ರೇವ್, ರಿಲ್ಯಾಕ್ಸ್ಡ್, ಕ್ವೈಟ್, ಸ್ಯಾಸಿ ಈ ನಾಲ್ಕರಲ್ಲಿ ಒಂದಾಗಿದ್ದರೆ ಸ್ಪೀಡ್ ಇಳಿಸುವ ನೇಚರ್ ಅದು, ಬೆರ್ರಿ ಬೆಳೆಯುವ ಬದಲು ಹೊಸ ಟ್ರೀಕೋ ಸಾಕುವುದೇ ವಾಸಿ. ಬೇರೆ ಯಾವುದಾದರೂ ಆಗಿದ್ದರೆ ಕೆಳಗೆ ತಿಳಿಸಿ, ಲೆಕ್ಕ ಹಾಕಿ ಹೇಳುತ್ತೇನೆ. ತಮ್ಮ ಗಾಳ ಹಾಕುತ್ತಾನಾ ಅನ್ನೋದನ್ನೂ ಒಂದು ಮಾತು ಕೇಳಿ ನೋಡಿ.